ಶಿವಗಂಗೆಯಲ್ಲಿ ಸಂಕ್ರಾಂತಿ ಯಾವತ್ತು?

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದ ನೆತ್ತಿಯಲ್ಲಿ ಒಂದು ಕಲ್ಲುಕಂಬವಿದೆ. ತೀರ್ಥಕಂಬ ಎಂದು ಅದರ ಹೆಸರು. ಮಕರ ಸಂಕ್ರಾಂತಿಯ ನಸುಕಿನಲ್ಲಿ ಅದರ ಬುಡದಲ್ಲಿ ಗಂಗೆ ಹುಟ್ಟುತ್ತಾಳೆ ಎಂಬುದು ಭಕ್ತರ ನಂಬಿಕೆ. ಆ ತೀರ್ಥವನ್ನು ಕೆಳಗೆ ತಂದು ಗಂಗಾಧರೇಶ್ವರನ ಗಿರಿಜಾ ಕಲ್ಯಾಣ ನಡೆಸುತ್ತಾರೆ. ನೀರು ಹೇಗೆ ಬರುತ್ತದೆ ಎಂಬ ಚರ್ಚೆ ಇಲ್ಲಿ ಬೇಡ. ನನ್ನ ಕುತೂಹಲ ಇರುವುದು ದಿನದ ಬಗ್ಗೆ. ಒಂದು ವರ್ಷ ಜನವರಿ 14, ಇನ್ನೊಂದು ವರ್ಷ 15. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು. ಆ ತಾರೀಖು 1863ರ ಜನವರಿ 12. ಹೊಯ್ಸಳರ ಕಾಲದ ಶಾಸನಗಳಲ್ಲಿ ಬರುವ ಸಂಕ್ರಾಂತಿಗಳನ್ನು ಲೆಕ್ಕ ಹಾಕಿದರೆ ಡಿಸೆಂಬರ್ 24 ಅಥವಾ 25 ಸಿಗುತ್ತದೆ. ಹಬ್ಬ ಅದೇ, ಸೂರ್ಯನೂ ಅವನೇ. ತಾರೀಖು ಮಾತ್ರ ಜಾರುತ್ತ ಬಂದಿದೆ.

ಹಬ್ಬದ ತಾರೀಖು ಬದಲಾಗುವುದು ನಮಗೇನೂ ಹೊಸದಲ್ಲ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯನ ತೇರು ಪುಷ್ಯ ಶುದ್ಧ ಷಷ್ಠಿಯಂದು ಎಳೆಯುತ್ತಾರೆ. ಅದು ಚಂದ್ರನ ತಿಥಿ ಹಿಡಿದದ್ದು. ಹಾಗಾಗಿ ಡಿಸೆಂಬರ್ ಕೊನೆಯಿಂದ ಜನವರಿ ಮೂರನೆಯ ವಾರದವರೆಗೆ ಓಲಾಡುತ್ತದೆ. ಅಲ್ಲಿನ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವವರು ಪಂಚಾಂಗ ಕೇಳಿಯೇ ಹೊರಡಬೇಕು. ಚಾಂದ್ರಮಾನದ ವರ್ಷ 354 ದಿನದ್ದು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳುತ್ತ, ಅಧಿಕಮಾಸ ಬಂದಾಗ ಒಮ್ಮೆಗೇ ಮುಂದೆ ನೆಗೆಯುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಹೊಸ ಪಂಚಾಂಗ ಮಾಡಿಸಿ ತಿಂಗಳುಗಳಿಗೆ ಅಹ್ಮದಿ, ಬಹಾರಿ ಎಂದೆಲ್ಲ ಹೆಸರಿಟ್ಟಾಗಲೂ ಅಧಿಕಮಾಸವನ್ನು ಬಿಡಲಿಲ್ಲ, ಅರವತ್ತು ಸಂವತ್ಸರಗಳ ಚಕ್ರವನ್ನೂ ಬಿಡಲಿಲ್ಲ. ಆಳುವವರು ಯಾರೇ ಇರಲಿ, ಕಂದಾಯ ಬೆಳೆಯ ಜೊತೆಗೇ ಬರಬೇಕಲ್ಲ!

ಸಂಕ್ರಾಂತಿಯ ಲೆಕ್ಕವೇ ಬೇರೆ. ಅದು ಸೂರ್ಯ ಧನು ರಾಶಿ ಬಿಟ್ಟು ಮಕರಕ್ಕೆ ಕಾಲಿಡುವ ಗಳಿಗೆಯ ಹಬ್ಬ. ಇಂಗ್ಲಿಷ್ ಕ್ಯಾಲೆಂಡರೂ ಸೂರ್ಯನನ್ನೇ ಹಿಡಿದದ್ದು. ಎರಡಕ್ಕೂ ಸೂರ್ಯನೇ ಆಧಾರವಾದರೆ ತಾರೀಖು ಏಕೆ ಅಲುಗಬೇಕು?

ಅಲುಗಾಟ ಎರಡು ಬಗೆಯದು. ಒಂದು ನಾಲ್ಕು ವರ್ಷದ್ದು, ಇನ್ನೊಂದು ಶತಮಾನಗಳದ್ದು. ಮೊದಲನೆಯದು ಸುಲಭ. ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು ಮುಗಿಸಿ ಹೊರಟ ಜಾಗಕ್ಕೆ ಮರಳಲು 365 ದಿನ 6 ಗಂಟೆ 9 ನಿಮಿಷ ಬೇಕು. ಕ್ಯಾಲೆಂಡರಿಗೆ ಆರು ಗಂಟೆಯನ್ನು ಪ್ರತಿವರ್ಷ ಸೇರಿಸಿಕೊಳ್ಳಲಾಗದು. ಹಾಗಾಗಿ ಸಂಕ್ರಮಣ ವರ್ಷದಿಂದ ವರ್ಷಕ್ಕೆ ಆರು ಗಂಟೆ ತಡವಾಗುತ್ತದೆ. ದೃಗ್ಗಣಿತದ ಪ್ರಕಾರ 2021ರಲ್ಲಿ ಜನವರಿ 14ರ ಬೆಳಗ್ಗೆ ಎಂಟೂವರೆಯ ಸುಮಾರಿಗೆ ಆಯಿತು. 2022ರಲ್ಲಿ ಅದೇ 14ರ ಮಧ್ಯಾಹ್ನ ಎರಡೂಮುಕ್ಕಾಲಿಗೆ. 2023ರಲ್ಲಿ 14ರ ರಾತ್ರಿ ಒಂಬತ್ತರ ಹೊತ್ತಿಗೆ. 2024ರಲ್ಲಿ ನಡುರಾತ್ರಿ ದಾಟಿ 15ರ ನಸುಕಿಗೆ. ಆ ವರ್ಷ ಫೆಬ್ರವರಿಗೆ 29 ದಿನ. ಕೂಡಿಟ್ಟ ಇಪ್ಪತ್ತನಾಲ್ಕು ಗಂಟೆ ಅಲ್ಲಿ ಖರ್ಚಾಗಿ, 2025ರಲ್ಲಿ ಸಂಕ್ರಮಣ ಮತ್ತೆ 14ರ ಬೆಳಗ್ಗೆಗೆ ಬಂತು. ಸಂಕ್ರಮಣ ರಾತ್ರಿಯಾದರೆ ಪುಣ್ಯಕಾಲ ಮರುದಿನಕ್ಕೆ ಎಂದು ಶಾಸ್ತ್ರದ ಮಾತು. ಆದ್ದರಿಂದಲೇ 2023ರಲ್ಲಿಯೂ ಎಳ್ಳುಬೆಲ್ಲ ಹಂಚಿದ್ದು 15ಕ್ಕೆ. 14ರೋ 15ರೋ ಎಂದು ಪ್ರತಿವರ್ಷ ಮನೆಮನೆಯಲ್ಲಿ ಏಳುವ ತಕರಾರಿನ ಮೂಲ ಇಷ್ಟೇ.

ಆದರೆ ಗಮನಿಸಿ, 2025ರ ಸಂಕ್ರಮಣ ಸರಿಯಾಗಿ ಎಂಟೂವರೆಗೆ ಮರಳಲಿಲ್ಲ, ಒಂಬತ್ತರ ಹತ್ತಿರಕ್ಕೆ ಬಂತು. ನಾಲ್ಕು ವರ್ಷಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು ಉಳಿದುಬಿಡುತ್ತದೆ. ಎರಡನೆಯ ಅಲುಗಾಟ ಹುಟ್ಟುವುದು ಇಲ್ಲಿ. ನಮ್ಮ ಪಂಚಾಂಗ ನಕ್ಷತ್ರಗಳನ್ನು ನೋಡುತ್ತದೆ, ಇಂಗ್ಲಿಷ್ ಕ್ಯಾಲೆಂಡರ್ ಋತುಗಳನ್ನು ನೋಡುತ್ತದೆ. ಭೂಮಿಯ ಅಕ್ಷ ಸೋಲುವ ಬುಗುರಿಯಂತೆ ನಿಧಾನವಾಗಿ ತೂಗುತ್ತಿರುವುದರಿಂದ ಋತುಚಕ್ರ ನಕ್ಷತ್ರಚಕ್ರಕ್ಕಿಂತ ಸುಮಾರು 20 ನಿಮಿಷ ಮೊದಲೇ ಮುಗಿಯುತ್ತದೆ. ನಮ್ಮವರು ಇದನ್ನು ಅಯನಚಲನೆ ಎಂದರು. ಸುಮಾರು 72 ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ ಸಂಕ್ರಾಂತಿ ಮುಂದೆ ಹೋಗುತ್ತದೆ. 1900 ಲೀಪ್ ವರ್ಷವಾಗದೆ ಒಂದು ದಿನ ತಳ್ಳಿತು. 2000 ಲೀಪ್ ವರ್ಷವಾದ್ದರಿಂದ ಅಲ್ಲಿ ನೂಕು ಬೀಳಲಿಲ್ಲ. 2100 ಮತ್ತೆ ಲೀಪ್ ವರ್ಷವಲ್ಲ. ಅಲ್ಲಿಂದಾಚೆ ಸಂಕ್ರಾಂತಿ 15 ಮತ್ತು 16ರ ಹಬ್ಬ. ಪತ್ರಿಕೆಯ ಇಂಗ್ಲಿಷ್ ಭವಿಷ್ಯದಲ್ಲಿ ಮಕರ ಡಿಸೆಂಬರ್ 22ಕ್ಕೇ ಶುರುವಾಗುವುದೂ ಇದೇ ಕಾರಣಕ್ಕೆ. ಅವರ ರಾಶಿ ಋತುವಿಗೆ ಕಟ್ಟಿದ್ದು, ಲೀಪ್ ವರ್ಷದ ಒಂದು ದಿನದ ತೂಗಾಟ ಬಿಟ್ಟರೆ ಅಲ್ಲೇ ನಿಂತಿರುತ್ತದೆ. ಒಬ್ಬನೇ ಮನುಷ್ಯನಿಗೆ ಎರಡು ರಾಶಿ ಇರುವುದರಲ್ಲಿ ವಿಚಿತ್ರವೇನೂ ಇಲ್ಲ.

ಈ ಎರಡು ಸೂರ್ಯರನ್ನು ಒಂದೇ ಕಡೆ ನೋಡಬೇಕೆಂದರೆ ಬೆಂಗಳೂರಿನ ಗವಿಪುರಕ್ಕೆ ಹೋಗಬೇಕು. ಶಿವಗಂಗೆಯಿಂದ ಅಲ್ಲಿಗೆ ಸುರಂಗವಿದೆ ಎಂಬ ಮಾತನ್ನು ಎರಡೂ ಊರಿನವರು ಹೇಳುತ್ತಾರೆ. ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಬೀಳುವುದು ಎಲ್ಲರಿಗೂ ಗೊತ್ತು. ಅಂಥದೇ ಕಿರಣ ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲೂ ಬೀಳುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಖಗೋಳತಜ್ಞೆ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ತೋರಿಸಿದರು. ಡೇನಿಯಲ್ ಚಿತ್ರಕಾರರು 1792ರಲ್ಲಿ ಬರೆದ ದೇವಾಲಯದ ಚಿತ್ರಗಳ ಜೊತೆ ಈಗಿನ ಕಟ್ಟಡವನ್ನು ಹೋಲಿಸಿ, ಆಮೇಲೆ ಎದ್ದ ಗೋಡೆ ಮಂಟಪಗಳು ಬೆಳಕಿನ ದಾರಿಯನ್ನೇ ಬದಲಿಸಿವೆ ಎಂದರು. ಕಿರಣಕ್ಕೆ ರಾಶಿ ಗೊತ್ತಿಲ್ಲ. ಸೂರ್ಯ ದಕ್ಷಿಣಕ್ಕೆ ಎಷ್ಟು ಸರಿದಿದ್ದಾನೆ ಎಂಬುದಷ್ಟೇ ಅದಕ್ಕೆ ಮುಖ್ಯ, ಆದ್ದರಿಂದ ಅದು ಜನವರಿ ನಡುವಿಗೇ ಅಂಟಿಕೊಂಡಿರುತ್ತದೆ. ಏಳುನೂರು ವರ್ಷ ಕಳೆದರೆ ಸಂಕ್ರಾಂತಿ ಜನವರಿ 24ರ ಆಸುಪಾಸಿಗೆ ಹೋಗಿರುತ್ತದೆ. ಕಿಟಕಿ ಈಗಿನಂತೆಯೇ ಉಳಿದರೆ ಕಿರಣ ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಬಂದು ಹೋಗಿರುತ್ತದೆ.

ಹಾಗಾದರೆ ಸಂಕ್ರಾಂತಿಯನ್ನು ಉತ್ತರಾಯಣ ನಿಜವಾಗಿ ಶುರುವಾಗುವ ಡಿಸೆಂಬರ್ 22ಕ್ಕೇ ಒಯ್ದುಬಿಡಬಹುದಲ್ಲ? ಈ ವಾದ ಹಳೆಯದು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ, ಋತುಗಳಿಗೆ ಹೊಂದುವ ರಾಷ್ಟ್ರೀಯ ಕ್ಯಾಲೆಂಡರನ್ನು ಕೊಟ್ಟಿತು. 1957ರ ಮಾರ್ಚ್ 22ರಿಂದ ಅದು ಜಾರಿಯಲ್ಲಿದೆ. ಆಕಾಶವಾಣಿಯಲ್ಲಿ ಶಕ ವರ್ಷದ ತಾರೀಖು ಕೇಳಿದವರುಂಟು, ಅದನ್ನು ನೋಡಿ ಹಬ್ಬ ಮಾಡಿದವರನ್ನು ನಾನು ಕಂಡಿಲ್ಲ. ನನಗೆ ಅದು ಸರಿಯೆಂದೇ ತೋರುತ್ತದೆ. ಮಕರ ಸಂಕ್ರಾಂತಿ ನಕ್ಷತ್ರದ ಹಬ್ಬವಾಗಿಯೇ ಇರಲಿ. ‘ಇಂದಿನಿಂದ ಹಗಲು ಬೆಳೆಯುತ್ತದೆ’ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ಬಿಟ್ಟರೆ ಸಾಕು. ಅಷ್ಟು ಹೊತ್ತಿಗೆ ಹಗಲು ಬೆಳೆಯತೊಡಗಿ ಮೂರು ವಾರ ದಾಟಿರುತ್ತದೆ.

ಇದೆಲ್ಲ ಹಬ್ಬದ ಮಾತಾಯಿತು. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಹೆಚ್ಚಿನ ತೊಡಕಿದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳಿವೆ. ಕರ್ನಾಟಕದ ದಾನಶಾಸನಗಳಲ್ಲಿ ಭೂಮಿ ಬಿಡಲು ಒಳ್ಳೆಯ ದಿನವೆಂದರೆ ಗ್ರಹಣ, ವ್ಯತೀಪಾತ, ಸಂಕ್ರಮಣ. ‘ಉತ್ತರಾಯಣ ಸಂಕ್ರಮಣ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರಗಳ ಜೊತೆ ಸಂಕ್ರಮಣವೂ ಇದ್ದರೆ ಶಾಸನದ ಕಾಲವನ್ನು ಒರೆಗೆ ಹಚ್ಚಲು ಅದೊಂದು ಗಟ್ಟಿ ಸಾಕ್ಷಿ. ತಿಥಿ ತಿಂಗಳು ತಿಂಗಳೂ ಬರುತ್ತದೆ, ಮಕರ ಸಂಕ್ರಮಣ ವರ್ಷಕ್ಕೆ ಒಂದೇ.

ಈಗ 1131ನ್ನು ತೆಗೆದುಕೊಳ್ಳೋಣ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುವ ವರ್ಷ ಅದು. ಆ ವರ್ಷದ ಮಕರ ಸಂಕ್ರಮಣವನ್ನು ಸೂರ್ಯಸಿದ್ಧಾಂತದ ಪ್ರಕಾರ ಲೆಕ್ಕ ಹಾಕಿದರೆ ಡಿಸೆಂಬರ್ 25 ಬರುತ್ತದೆ. ಇದು ಜೂಲಿಯನ್ ಕ್ಯಾಲೆಂಡರಿನ ತಾರೀಖು. ಈಗಿನ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ ಜನವರಿ 1. ಅಂದರೆ ಡಿಸೆಂಬರ್ 25ರಿಂದ ಜನವರಿ 14ರವರೆಗಿನ ಅಂತರದಲ್ಲಿ ಏಳು ದಿನ ಬರೀ ಕ್ಯಾಲೆಂಡರ್ ಬದಲಾದದ್ದರಿಂದ ಬಂದದ್ದು. ಉಳಿದದ್ದು ಆಕಾಶದ್ದು ಮತ್ತು ಸಿದ್ಧಾಂತದ್ದು. ಸಿದ್ಧಾಂತದ್ದು ಎಂದೆ, ಸೂರ್ಯಸಿದ್ಧಾಂತದ ವರ್ಷ 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು, ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷ ದೊಡ್ಡದು. ಒಂದು ವರ್ಷಕ್ಕೆ ಇದು ಏನೂ ಅಲ್ಲ, ಒಂಬತ್ತು ಶತಮಾನಕ್ಕೆ ಎರಡು ದಿನ.

ಈ ಎರಡು ದಿನವೇ ಅನಾಹುತ ಮಾಡುವುದು. ಮೊಬೈಲಿನ ದೃಕ್ ಪಂಚಾಂಗವನ್ನು ಹಿಂದಕ್ಕೆ ಓಡಿಸಿ 1131ಕ್ಕೆ ಹೋದರೆ ಸಂಕ್ರಮಣ ಡಿಸೆಂಬರ್ 27 ಎನ್ನುತ್ತದೆ. ಕಲ್ಲಿನಲ್ಲಿರುವ ವಾರ, ತಿಥಿ ಎರಡೂ ತಪ್ಪಿದಂತೆ ಕಾಣುತ್ತವೆ. ಆಗ ‘ಶಾಸನದ ಕಾಲ ಹೊಂದುವುದಿಲ್ಲ, ಇದು ಕೂಟಶಾಸನ’ ಎಂದು ಷರಾ ಬರೆಯುವುದು ಬಹಳ ಸುಲಭ. ಕೂಟಶಾಸನಗಳು ಇಲ್ಲವೆಂದಲ್ಲ. ಆದರೆ ಆ ತೀರ್ಪಿಗೆ ಮುಂಚೆ, ಆ ಕಾಲದ ಜೋಯಿಸ ಬಳಸಿದ ಲೆಕ್ಕದಲ್ಲೇ ನೋಡಬೇಕು. ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ಪುಸ್ತಕ, ಸ್ವಾಮಿಕಣ್ಣು ಪಿಳ್ಳೈ ಅವರ 1922ರ ಎಫಿಮೆರಿಸ್ ಸಂಪುಟಗಳು ಇದಕ್ಕೆಂದೇ ಹಳೆಯ ಸಿದ್ಧಾಂತಗಳ ಪ್ರಕಾರ ಕೋಷ್ಟಕ ಕೊಡುತ್ತವೆ. ದಪ್ಪ ಪುಸ್ತಕಗಳು, ಓದಲು ನೀರಸ, ಆದರೆ ಫೋನಿಗಿಂತ ನಂಬಬಹುದಾದ ಸಂಗಾತಿಗಳು.

ಶಾಸನ ‘ಉತ್ತರಾಯಣ’ ಎಂದಾಗಲೂ ಅದನ್ನು ಆಕಾಶದ ವರದಿ ಎಂದುಕೊಳ್ಳಬಾರದು. 1131ರಲ್ಲಿ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 15ರ ಸುಮಾರಿಗೆ, ಸಂಕ್ರಮಣಕ್ಕಿಂತ ಹತ್ತು ದಿನ ಮೊದಲು. ಆಗಿನ ವಿದ್ವಾಂಸರಿಗೆ ಇದು ತಿಳಿಯದ ವಿಷಯವಲ್ಲ. ಅದೇ ತಲೆಮಾರಿನ ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯಲ್ಲಿ ಅಯನಚಲನೆಯ ಮಾತು ಎತ್ತುತ್ತಾನೆ. ಆದರೂ ಕೆರೆಗೋ ಗುಡಿಗೋ ಗದ್ದೆ ಬಿಡುವ ಗೌಡ ಪಂಚಾಂಗದ ಸಂಕ್ರಮಣದಂದೇ ಕೈನೀರು ಎರೆದ, ಕಲ್ಲುಕುಟಿಗ ಅದನ್ನೇ ಕೆತ್ತಿದ. ಊರ ಹೊರಗಿನ ಆ ಕಲ್ಲನ್ನು ಓದುವಾಗ ನಮಗೆ ಬೇಕಾದದ್ದು ಅವನ ಪಂಚಾಂಗ.