ಬ್ರೂಸ್ ಏಮ್ಸ್

ಬ್ರೂಸ್ ನೇಥನ್ ಏಮ್ಸ್ (ಡಿಸೆಂಬರ್ 16, 1928 – ಅಕ್ಟೋಬರ್ 5, 2024) ಅಮೆರಿಕದ ಜೀವರಸಾಯನ ವಿಜ್ಞಾನಿ. ರಾಸಾಯನಿಕ ವಸ್ತುವೊಂದು ಡಿಎನ್ಎಗೆ ಹಾನಿ ಮಾಡಬಲ್ಲದೇ ಎಂಬುದನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ಎರಡು-ಮೂರು ದಿನಗಳಲ್ಲಿ ತಿಳಿಯುವ ವಿಧಾನವನ್ನು ಇವರು ರೂಪಿಸಿದರು. ಅದು 'ಏಮ್ಸ್ ಪರೀಕ್ಷೆ' ಎಂದೇ ಪ್ರಸಿದ್ಧವಾಗಿದೆ. ದೆಹಲಿಯ ಏಮ್ಸ್ ಆಸ್ಪತ್ರೆಗೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ.

ಜೀವನ

ಏಮ್ಸ್ ಹುಟ್ಟಿದ್ದು ನ್ಯೂಯಾರ್ಕ್ ನಗರದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, 1953ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ಡಾಕ್ಟರೇಟ್ ಗಳಿಸಿದರು. ಬಳಿಕ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, 1968ರಿಂದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಪತ್ನಿ ಜೊವಾನ್ನಾ ಫೆರೊ-ಲೂಝಿ ಏಮ್ಸ್ ಇಟಲಿ ಮೂಲದವರು. ಅವರೂ ಜೀವರಸಾಯನ ವಿಜ್ಞಾನಿ.

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹೇಗೆ ತಯಾರಿಸಿಕೊಳ್ಳುತ್ತದೆ ಎಂಬುದು ಅವರ ಆರಂಭದ ಸಂಶೋಧನೆಯ ವಿಷಯ. ಆಗ ಸಂಗ್ರಹಿಸಿದ ದೋಷಯುಕ್ತ ತಳಿಗಳೇ ಮುಂದಿನ ಪರೀಕ್ಷೆಗೆ ಮೂಲದ್ರವ್ಯವಾದವು. 1964ರಲ್ಲಿ ಆಲೂಗಡ್ಡೆ ಚಿಪ್ಸ್ ಪೊಟ್ಟಣದ ಮೇಲಿದ್ದ ಪದಾರ್ಥಗಳ ಪಟ್ಟಿಯನ್ನು ಓದುತ್ತಿದ್ದಾಗ, ಇವುಗಳಿಂದ ವಂಶವಾಹಿಗೆ ಅಪಾಯವಿರಬಹುದೇ ಎಂಬ ಪ್ರಶ್ನೆ ತಮಗೆ ಮೂಡಿತೆಂದು ಅವರು ಹೇಳುತ್ತಿದ್ದರು.

ಪರೀಕ್ಷೆಯ ವಿಧಾನ

ಪರೀಕ್ಷೆಗೆ ಬಳಸುವ ಸಾಲ್ಮೊನೆಲ್ಲಾ ತಳಿಗಳು ಹಿಸ್ಟಿಡಿನ್ ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಹೊರಗಿನಿಂದ ಅದು ದೊರೆಯದಿದ್ದರೆ ಬೆಳೆಯಲಾರವು. ಇಂತಹ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು, ಹಿಸ್ಟಿಡಿನ್ ಅತ್ಯಲ್ಪವಾಗಿರುವ ಅಗಾರ್ ತಟ್ಟೆಯ ಮೇಲೆ ಪರೀಕ್ಷಾ ವಸ್ತುವಿನೊಡನೆ ಹರಡಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 48 ಗಂಟೆ ಇಡುತ್ತಾರೆ. ಆ ವಸ್ತು ಡಿಎನ್ಎಯಲ್ಲಿ ಬದಲಾವಣೆ ಉಂಟುಮಾಡುವಂಥದ್ದಾದರೆ, ಕೆಲವು ಕೋಶಗಳಲ್ಲಿ ಹಳೆಯ ದೋಷವೇ ಆಕಸ್ಮಿಕವಾಗಿ ಸರಿಹೋಗುತ್ತದೆ. ಅವು ಮತ್ತೆ ಹಿಸ್ಟಿಡಿನ್ ತಯಾರಿಸಿಕೊಂಡು ಬೆಳೆದು, ಬರಿಗಣ್ಣಿಗೆ ಕಾಣುವ ಚುಕ್ಕೆಗಳಂತಹ ಕಾಲೊನಿಗಳಾಗುತ್ತವೆ. ರಾಸಾಯನಿಕವಿಲ್ಲದ ತಟ್ಟೆಯಲ್ಲಿಯೂ ಕೆಲವು ಕಾಲೊನಿಗಳು ತಾವಾಗಿ ಹುಟ್ಟುವುದರಿಂದ, ಎರಡನ್ನೂ ಎಣಿಸಿ ಹೋಲಿಸುವುದು ಅಗತ್ಯ. ಇಲ್ಲಿ ಬೆಳವಣಿಗೆಯೇ ಹಾನಿಯ ಲಕ್ಷಣವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲ ಬಾರಿ ಓದುವವರು ಎಡವುವುದು ಇಲ್ಲಿಯೇ.

ಟಿಎ98, ಟಿಎ100 ಮುಂತಾದ ತಳಿಗಳು ಬೇರೆ ಬೇರೆ ಬಗೆಯ ಉತ್ಪರಿವರ್ತನೆಗಳನ್ನು ಗುರುತಿಸುತ್ತವೆ. ರಾಸಾಯನಿಕ ಸುಲಭವಾಗಿ ಒಳಹೋಗಲೆಂದು ಅವುಗಳ ಹೊರಪದರವನ್ನು ದುರ್ಬಲಗೊಳಿಸಲಾಗಿದೆ. ಡಿಎನ್ಎ ದುರಸ್ತಿಯ ಒಂದು ವ್ಯವಸ್ಥೆಯನ್ನೂ ತೆಗೆದುಹಾಕಲಾಗಿದೆ.

ಎಷ್ಟೋ ವಸ್ತುಗಳು ಸ್ವತಃ ನಿರುಪದ್ರವಿಗಳು. ದೇಹದಿಂದ ಹೊರಹಾಕಲು ಯಕೃತ್ತು ಅವುಗಳ ರೂಪವನ್ನು ಬದಲಿಸುವಾಗ ಡಿಎನ್ಎಗೆ ಅಂಟಿಕೊಳ್ಳುವ ವಸ್ತುಗಳು ಹುಟ್ಟುತ್ತವೆ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿರುವ ಅಫ್ಲಾಟಾಕ್ಸಿನ್ ಇದಕ್ಕೆ ಉದಾಹರಣೆ. ಬ್ಯಾಕ್ಟೀರಿಯಾಕ್ಕೆ ಯಕೃತ್ತಿಲ್ಲ. ಆದ್ದರಿಂದ ಇಲಿಯ ಯಕೃತ್ತಿನ ಸಾರವನ್ನು ತಟ್ಟೆಗೆ ಸೇರಿಸುವ ಕ್ರಮವನ್ನು ಏಮ್ಸ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಮೇಲಿನ ಕ್ಯಾನ್ಸರ್ ಪರೀಕ್ಷೆಗೆ ವರ್ಷಗಳೇ ಬೇಕಾಗಿದ್ದ ಕಾಲದಲ್ಲಿ ಇದು ದೊಡ್ಡ ಅನುಕೂಲವಾಯಿತು. ಏಮ್ಸ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಕೇಳಿದ ಪ್ರಯೋಗಾಲಯಗಳಿಗೆ ತಳಿಗಳನ್ನು ಉಚಿತವಾಗಿ ಕಳುಹಿಸಿದರು.

ಕೂದಲ ಬಣ್ಣ ಮತ್ತು ಮಕ್ಕಳ ರಾತ್ರಿಯುಡುಪು

1975ರಲ್ಲಿ ಅವರ ತಂಡ ಪರೀಕ್ಷಿಸಿದ 169 ಕೂದಲ ಬಣ್ಣಗಳಲ್ಲಿ 150 ಉತ್ಪರಿವರ್ತಕಗಳೆಂದು ಕಂಡುಬಂತು. ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಟ್ರಿಸ್ ಎಂಬ ವಸ್ತು. ಬೆಂಕಿ ಬೇಗ ತಗಲದಿರಲೆಂದು ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪುಗಳಿಗೆ ಇದನ್ನು ಸೇರಿಸುತ್ತಿದ್ದರು. ಇದು ಉತ್ಪರಿವರ್ತಕವೆಂದು ಏಮ್ಸ್ ಹಾಗೂ ಅರ್ಲೀನ್ ಬ್ಲಮ್ 1977ರ ಆರಂಭದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಚ್ಚರಿಸಿದರು. (ಮರುವರ್ಷ ಅನ್ನಪೂರ್ಣಾ ಶಿಖರಕ್ಕೆ ಮಹಿಳೆಯರ ತಂಡದ ನಾಯಕತ್ವ ವಹಿಸಿದ ಪರ್ವತಾರೋಹಿ ಇದೇ ಬ್ಲಮ್.) ಅದೇ ಏಪ್ರಿಲ್‌ನಲ್ಲಿ ಅಂತಹ ಉಡುಪುಗಳ ಮೇಲೆ ನಿಷೇಧ ಬಂತು. ಉಡುಪು ಧರಿಸಿದ ಮಕ್ಕಳ ಮೂತ್ರದಲ್ಲಿ ಟ್ರಿಸ್‌ನಿಂದ ಉಂಟಾದ ವಸ್ತು ಇರುವುದು 1978ರಲ್ಲಿ ದೃಢಪಟ್ಟಿತು. ಒಂದು ಅಪಘಾತದಿಂದ ರಕ್ಷಿಸಲು ಮಾಡಿದ ಉಪಾಯವೇ ಮತ್ತೊಂದು ಅಪಾಯವಾಗಿತ್ತು.

ಮಿತಿಗಳು

ಏಮ್ಸ್ ಪರೀಕ್ಷೆ ಕ್ಯಾನ್ಸರನ್ನು ಅಳೆಯುವುದಿಲ್ಲ; ಬ್ಯಾಕ್ಟೀರಿಯಾದ ಡಿಎನ್ಎ ಬದಲಾಯಿತೇ ಎಂಬುದನ್ನಷ್ಟೇ ಹೇಳುತ್ತದೆ. 1975ರ ವರದಿಯಲ್ಲಿ, ಕ್ಯಾನ್ಸರ್‌ಕಾರಕಗಳೆಂದು ತಿಳಿದಿದ್ದ 174 ವಸ್ತುಗಳ ಪೈಕಿ 156 ಉತ್ಪರಿವರ್ತಕಗಳೆಂದು ಕಂಡಿದ್ದವು. ಆದರೆ 1987ರಲ್ಲಿ 73 ವಸ್ತುಗಳ ಮೇಲೆ ನಡೆದ ಅಧ್ಯಯನದಲ್ಲಿ ಈ ಪರೀಕ್ಷೆಗೂ ಇಲಿ-ಸುಂಡಿಲಿಗಳ ಕ್ಯಾನ್ಸರ್ ಫಲಿತಾಂಶಕ್ಕೂ ಹೊಂದಾಣಿಕೆ ಸುಮಾರು ಶೇಕಡಾ 60 ಮಾತ್ರ. ಕಲ್ನಾರಿನಂತಹ, ಬೇರೆ ಮಾರ್ಗಗಳಿಂದ ಕ್ಯಾನ್ಸರ್ ತರುವ ವಸ್ತುಗಳು ಇದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇದನ್ನು ತೀರ್ಪೆಂದು ತಿಳಿಯದೆ ಜರಡಿಯೆಂದು ತಿಳಿಯುವುದು ಸರಿ.

ನಿಲುವಿನ ಬದಲಾವಣೆ

ಕೃತಕ ರಾಸಾಯನಿಕಗಳ ವಿರುದ್ಧ ಎಚ್ಚರಿಕೆ ನೀಡಿದ್ದ ಏಮ್ಸ್ 1980ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಸಸ್ಯಗಳು ಕೀಟಗಳಿಂದ ರಕ್ಷಿಸಿಕೊಳ್ಳಲು ತಾವೇ ವಿಷಗಳನ್ನು ತಯಾರಿಸುತ್ತವೆ. ಆಹಾರದ ಮೂಲಕ ಮನುಷ್ಯ ಸೇವಿಸುವ ಕೀಟನಾಶಕಗಳಲ್ಲಿ ಶೇಕಡಾ 99.99ರಷ್ಟು ಇಂತಹ ನೈಸರ್ಗಿಕ ವಸ್ತುಗಳೇ ಎಂದು 1990ರಲ್ಲಿ ಲೋಯಿಸ್ ಗೋಲ್ಡ್ ಮೊದಲಾದವರೊಡನೆ ಬರೆದರು. ಗರಿಷ್ಠ ಪ್ರಮಾಣದಲ್ಲಿ ತಿನ್ನಿಸಿದಾಗ, ನೈಸರ್ಗಿಕವಾಗಲಿ ಕೃತಕವಾಗಲಿ, ಪರೀಕ್ಷಿಸಿದ ವಸ್ತುಗಳಲ್ಲಿ ಸುಮಾರು ಅರ್ಧದಷ್ಟು ಇಲಿಗಳಲ್ಲಿ ಕ್ಯಾನ್ಸರ್ ತರುತ್ತವೆ. ಅಲ್ಪ ಪ್ರಮಾಣದ ಬಗ್ಗೆ ಅದರಿಂದ ತೀರ್ಮಾನಿಸಲಾಗದು ಎಂಬುದು ಅವರ ವಾದ. ಹಣ್ಣು-ತರಕಾರಿ ಹೆಚ್ಚು ತಿನ್ನಿ, ಧೂಮಪಾನ ಬಿಡಿ ಎಂಬ ಸಲಹೆಗೇ ಅವರು ಒತ್ತು ಕೊಟ್ಟರು.

ಈ ನಿಲುವು ಕೈಗಾರಿಕೆಗಳಿಗೆ ಅನುಕೂಲಕರವೆಂದು ಪರಿಸರವಾದಿಗಳೂ ಕೆಲವು ವಿಜ್ಞಾನಿಗಳೂ ಆಕ್ಷೇಪಿಸಿದರು. ಸಸ್ಯವಿಷಗಳು ಇರುವುದು ನಿಜವಾದರೂ, ಕಾರ್ಖಾನೆಯಲ್ಲಿ ದಿನವೂ ರಾಸಾಯನಿಕ ಉಸಿರಾಡುವ ಕಾರ್ಮಿಕನ ಅಪಾಯ ಅದರಿಂದ ಕಡಿಮೆಯಾಗದು. ಏಮ್ಸ್ ಕೂಡ ಕಾರ್ಮಿಕರ ವಿಷಯವನ್ನು ಪ್ರತ್ಯೇಕವಾಗಿಯೇ ನೋಡಬೇಕೆಂದಿದ್ದರು.

ಬಳಕೆ ಮತ್ತು ಗೌರವ

ಹೊಸ ಔಷಧಗಳ ಸುರಕ್ಷತಾ ಪರೀಕ್ಷೆಗಳಲ್ಲಿ ಏಮ್ಸ್ ಪರೀಕ್ಷೆ ಇಂದಿಗೂ ಮೊದಲ ಹಂತಗಳಲ್ಲೊಂದು. ಭಾರತದ 2019ರ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳಲ್ಲಿಯೂ ಇದರ ಉಲ್ಲೇಖವಿದೆ. ಏಮ್ಸ್ ಅವರಿಗೆ 1985ರಲ್ಲಿ ಟೈಲರ್ ಪ್ರಶಸ್ತಿ, 1997ರಲ್ಲಿ ಜಪಾನ್ ಪ್ರಶಸ್ತಿ ಹಾಗೂ 1998ರ ಸಾಲಿನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಂದವು.