ತಿದಿ ಒತ್ತಿದವರು

ಕಾರ್ಕಳದ ಗೊಮ್ಮಟ ಬೆಟ್ಟ ಹತ್ತಿದವರೆಲ್ಲ ತಲೆಯೆತ್ತಿ ನೋಡುವುದು ಆ 42 ಅಡಿಯ ಏಕಶಿಲೆಯನ್ನು. 1432ರಲ್ಲಿ ನಿಲ್ಲಿಸಿದ ಅರಸ ವೀರಪಾಂಡ್ಯನ ಹೆಸರು ಶಾಸನದಲ್ಲಿದೆ. ಕೆತ್ತಿದವನ ಹೆಸರನ್ನು ತುಳು ಪಾಡ್ದನ ಕಾದುಕೊಂಡಿದೆ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಕಲ್ಕುಡನ ಎಡಗೈ, ಬಲಗಾಲು ಕಡಿಸಿದನಂತೆ. ಒಡಹುಟ್ಟಿದ ಕಲ್ಲುರ್ಟಿ ಸೇಡಿಗೆ ಜೊತೆಯಾದಳಂತೆ. ಇಬ್ಬರೂ ಇಂದಿಗೂ ನಂಬಿದವರ ದೈವಗಳು.

ನನಗೆ ಅಲ್ಲಿ ನಿಂತಾಗಲೆಲ್ಲ ಮೂರನೆಯವರೊಬ್ಬರ ನೆನಪು. ಕಲ್ಲಿಗೆ ಹೊಡೆದ ಉಳಿ ಬೇಗ ಮೊಂಡಾಗುತ್ತದೆ. ಮೊಂಡಾದಾಗಲೆಲ್ಲ ಕಾಯಿಸಿ, ಬಡಿದು, ಹದ ಕೊಡಬೇಕು. ಅಂದ ಮೇಲೆ ಗೊಮ್ಮಟನ ಕೆಲಸ ನಡೆದಷ್ಟು ದಿನವೂ ಹತ್ತಿರದಲ್ಲೆಲ್ಲೋ ಕುಲುಮೆ ಉರಿದಿರಲೇಬೇಕು. ಅಲ್ಲಿ ದುಡಿದವರು ಯಾರೆಂದು ನಾವು ಕೇಳುವುದೇ ಇಲ್ಲ.

ಹದ ಕೊಡುವುದೆಂದರೆ ಬೆಲ್ಲದ ಪಾಕ ನೋಡಿದ ಹಾಗೆ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಮುರಿದೀತು. ಪುನಃ ಮೆಲ್ಲಗೆ ಬಿಸಿ ಮಾಡಿದರೆ ಅಂಚಿನಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನೀಲಿ. ಬೇಕಾದ ಬಣ್ಣ ಕಂಡ ಗಳಿಗೆಗೇ ತಣಿಸಬೇಕು. ಒಂದೆಳೆ, ಎರಡೆಳೆ ಪಾಕ ಬಲ್ಲ ನಿಮಗೆ ಬಿಡಿಸಿ ಹೇಳಬೇಕೆ?

ಆ ಉರಿಯನ್ನು ಕಾಯುವುದು ತಿದಿ. ಚಿಕ್ಕಂದಿನಲ್ಲಿ ಕಾಪುವಿನ ಕಡೆ ನಾನು ಕಂಡ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದುದು ಆಚಾರಿಯ ಹೆಂಡತಿ. ಗಂಡ ಇಕ್ಕಳ ಅಲುಗಿಸಿದರೆ ಸಾಕು, ಬಾಯಿಬಿಟ್ಟು ಹೇಳದೆಯೇ ಅವಳ ಕೈ ನಿಧಾನವಾಗುತ್ತಿತ್ತು. ನಮ್ಮ ಮನೆಯ ಮೆಟ್ಟುಕತ್ತಿ, ಹೆರೆಮಣೆಯ ನಾಲಗೆ, ಹುಲ್ಲು ಕೊಯ್ಯುವ ಕತ್ತಿ ಎಲ್ಲವೂ ಅಲ್ಲಿಂದಲೇ ಬಂದವು. ಕೊಯ್ಲು ಮುಗಿದ ಮೇಲೆ ಭತ್ತವೇ ಕೂಲಿ. ಲೆಕ್ಕ ಮಾತ್ರ ಆಚಾರಿಯ ಹೆಸರಿನಲ್ಲಿ.

ಆಮೇಲೆ ಗದ್ದೆಗೆ ಟಿಲ್ಲರ್ ಇಳಿಯಿತು, ಪೇಟೆಯಿಂದ ಸ್ಟೀಲಿನ ಚಾಕು ಬಂತು. ಎಷ್ಟೋ ಕುಲುಮೆಗಳು ಆರಿದವು. ಉಳಿದ ಹಲವು ಕಡೆ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್ ಬಂದಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಅಲ್ಲಿ ಕತ್ತಿಯಾಗುತ್ತದೆ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಗೊಮ್ಮಟ ನಿಂತು ಆರುನೂರು ವರ್ಷ ಆಗುತ್ತಾ ಬಂದಾಗಲಾದರೂ ಕಮ್ಮಾರನ ಹೆಸರು ಸರಕಾರದ ಪುಸ್ತಕಕ್ಕೆ ಏರಿತಲ್ಲ, ಸಂತೋಷವೇ. ಆದರೆ ಯೋಜನೆಯ ನಿಯಮದಲ್ಲಿ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಕುಟುಂಬಕ್ಕೆ ಒಂದೇ ಹೆಸರು. ಸುತ್ತಿಗೆ ಹಿಡಿದವನದೋ, ತಿದಿ ಒತ್ತಿದವಳದೋ? ಇಬ್ಬರ ಕೈ ಕೂಡದೆ ಆ ಕುಲುಮೆಯಲ್ಲಿ ಹದ ಬರುತ್ತಿರಲಿಲ್ಲ ಎಂಬುದನ್ನು ಪುಸ್ತಕ ಬರೆಯುವವರಿಗೆ ಯಾರಾದರೂ ಹೇಳಬೇಕು. ದಿನಾ ಆ ಕತ್ತಿ ಹಿಡಿದ ನಾವೇ ಹೇಳಿದರೆ ತಪ್ಪೇನಿಲ್ಲ.