ಯೀಸ್ಟ್ ಸೋಂಕು: ಔಷಧ ಸಂವೇದನಾ ಪರೀಕ್ಷೆಯ ಏಕರೂಪ ವಿಧಾನ

ಕ್ಯಾಂಡಿಡಾ, ಕ್ರಿಪ್ಟೊಕಾಕಸ್ ಮೊದಲಾದ ಯೀಸ್ಟ್‌ಗಳನ್ನು ಯಾವ ಔಷಧ ಎಷ್ಟು ಪ್ರಮಾಣದಲ್ಲಿ ತಡೆಯುತ್ತದೆ ಎಂಬುದನ್ನು ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ ಬಗೆಯಲ್ಲಿ ಅಳೆಯುವ ಕ್ರಮ. ಹಿಂದೆ ಒಂದೇ ಮಾದರಿಗೆ ಒಂದೊಂದು ಪ್ರಯೋಗಾಲಯ ಒಂದೊಂದು ಉತ್ತರ ಕೊಡುತ್ತಿತ್ತು. ಅಮೆರಿಕದ ಪ್ರಯೋಗಾಲಯ ಮಾನದಂಡ ಸಂಸ್ಥೆ ಎನ್‌ಸಿಸಿಎಲ್‌ಎಸ್ (ಈಗಿನ ಸಿಎಲ್‌ಎಸ್‌ಐ) 1982ರಲ್ಲಿ ಉಪಸಮಿತಿ ನೇಮಿಸಿ, 1997ರಲ್ಲಿ ಎಂ27-ಎ ಮಾನದಂಡವನ್ನು ಹೊರತಂದಿತು.

ಆರ್‌ಪಿಎಂಐ 1640 ಎಂಬ ಪೋಷಕ ದ್ರವವನ್ನು ಪಿಎಚ್ 7ಕ್ಕೆ ಹೊಂದಿಸಿ, 96 ಗುಳಿಗಳ ತಟ್ಟೆಯಲ್ಲಿ ಔಷಧವನ್ನು ಗುಳಿಯಿಂದ ಗುಳಿಗೆ ಅರ್ಧಕ್ಕಿಳಿಸುತ್ತ ಹೋಗುತ್ತಾರೆ. ಮಿಲಿಲೀಟರಿಗೆ 500ರಿಂದ 2,500 ಜೀವಕೋಶ ಸೇರಿಸಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ತೊಡಕಿರುವುದು ಓದುವುದರಲ್ಲಿ. ಆಂಫೊಟೆರಿಸಿನ್ ಬಿ ಪರಿಣಾಮ ಮಾಡಿದ ಗುಳಿ ಪೂರ್ತಿ ತಿಳಿಯಾಗುತ್ತದೆ. ಫ್ಲುಕೊನಜೋಲ್‌ನಲ್ಲಿ ಮಾತ್ರ ತೆಳು ಮಬ್ಬು ಉಳಿದೇಬಿಡುತ್ತದೆ. ಅದನ್ನು ಪ್ರತಿರೋಧವೆಂದು ತಪ್ಪಾಗಿ ಎಣಿಸದಿರಲೆಂದೇ ಬೆಳವಣಿಗೆ ಅರ್ಧದಷ್ಟು ತಗ್ಗಿದ ಗುಳಿಯನ್ನು ಗಡಿಯಾಗಿ ಹಿಡಿಯುವುದು. ಆರಂಭದಲ್ಲಿ 48 ಗಂಟೆಗೆ ಓದುತ್ತಿದ್ದುದು ಈಗ ಕ್ಯಾಂಡಿಡಾಗೆ 24 ಗಂಟೆಗೆ ಇಳಿದಿದೆ. ಯುರೋಪಿನ ಇಂಥದೇ ಸಮಿತಿ ಯುಕಾಸ್ಟ್ ಹೆಚ್ಚು ಗ್ಲೂಕೋಸ್, ನೂರು ಪಟ್ಟು ಜೀವಕೋಶ ಬಳಸಿ, ಯಂತ್ರದಿಂದ ಓದುತ್ತದೆ.

ಜನದಟ್ಟಣೆಯ ಬೋಧನಾ ಆಸ್ಪತ್ರೆಗಳಿಗೆ ಅಮೆರಿಕದ ಅದೇ ಸಂಸ್ಥೆಯ 2004ರ ಎಂ44-ಎ ಡಿಸ್ಕ್ ವಿಧಾನ ಅಗ್ಗ, ಸುಲಭ: ಗ್ಲೂಕೋಸ್, ಮೆಥಿಲೀನ್ ಬ್ಲೂ ಬೆರೆಸಿದ ಮ್ಯುಲರ್-ಹಿಂಟನ್ ಅಗರ್ ಮೇಲೆ 25 ಮೈಕ್ರೊಗ್ರಾಂ ಫ್ಲುಕೊನಜೋಲ್ ಬಿಲ್ಲೆ ಇಟ್ಟು, ಸುತ್ತಲಿನ ಖಾಲಿ ವಲಯ ಅಳೆದರಾಯಿತು. ಆದರೆ ಫ್ಲುಕೊನಜೋಲ್‌ಗೆ ಬಗ್ಗದ ಕ್ಯಾಂಡಿಡಾ ಆರಿಸ್ ಭಾರತದ ತೀವ್ರ ನಿಗಾ ಘಟಕಗಳಲ್ಲಿ ಹರಡಿರುವಾಗ, ಯಾವ ವಿಧಾನ, ಯಾವ ಆವೃತ್ತಿ ಎಂದು ನಮೂದಿಸದ ವರದಿ ವೈದ್ಯರಿಗೆ ಅರ್ಧ ಮಾಹಿತಿಯಷ್ಟೇ.